ಪುಡಿ ಹಾಕಿದರೂ ಚಿನ್ನ ಇಳಿಯುತ್ತಿಲ್ಲವೇ? ದೋಷ ಹುಡುಕುವ ಕೈಪಿಡಿ

ಶುದ್ಧ ಚಿನ್ನ ಬೇರ್ಪಡಿಸಲು ಹಳೇ ಒಡವೆಯನ್ನು ಆಸಿಡ್‌ನಲ್ಲಿ ಕರಗಿಸಿದ್ದಾಯಿತು, ಸೋಸಿದ್ದಾಯಿತು, ಹಳದಿ ದ್ರಾವಣಕ್ಕೆ ಚಿನ್ನ ಇಳಿಸುವ ಪುಡಿಯನ್ನೂ ಹಾಕಿದ್ದಾಯಿತು. ಕಂದು ಬಣ್ಣದ ಚಿನ್ನ ತಳಕ್ಕೆ ಇಳಿಯಬೇಕಿತ್ತು. ಇಳಿಯಲಿಲ್ಲ. ಇಂಥ ಹೊತ್ತಿನಲ್ಲಿ ಕೈ ಮೊದಲು ಹೋಗುವುದು ಪುಡಿಯ ಡಬ್ಬದ ಕಡೆಗೆ. ಇನ್ನೊಂದಿಷ್ಟು ಹಾಕಿ ನೋಡೋಣ ಅನ್ನಿಸುತ್ತದೆ. ದಯವಿಟ್ಟು ಹಾಕಬೇಡಿ.

ಚಿನ್ನ ಎಲ್ಲೂ ಹೋಗಿಲ್ಲ. ಬೀಕರ್ ಉಕ್ಕಿ ಚೆಲ್ಲಿಲ್ಲ ಅಂದರೆ, ಹಾಕಿದ ಚಿನ್ನ ಅಷ್ಟೂ ನಿಮ್ಮ ಮುಂದೆಯೇ ಇದೆ. ದ್ರಾವಣದಲ್ಲಿ ಇರಬಹುದು, ಸೋಸಿದಾಗ ಉಳಿದ ಮಡ್ಡಿಯಲ್ಲಿ ಇರಬಹುದು, ಫಿಲ್ಟರ್ ಕಾಗದದಲ್ಲಿ ಇರಬಹುದು. ನಾನು ನೋಡಿದ ಮಟ್ಟಿಗೆ, ಚಿನ್ನ ಇಳಿಯಲಿಲ್ಲ ಅಂತ ಯಾರಿಗೂ ನಷ್ಟ ಆಗುವುದಿಲ್ಲ. ಪರೀಕ್ಷೆ ಮಾಡದೆ ಒಂದರ ಮೇಲೊಂದು ಸುರಿದು, ಕೊನೆಗೆ ಬೇಸತ್ತು ಚರಂಡಿಗೆ ಚೆಲ್ಲಿದಾಗ ನಷ್ಟ ಆಗುತ್ತದೆ.

ಮೈಸೂರಿನ ಅಶೋಕ ರಸ್ತೆ ಸುತ್ತಮುತ್ತ, ಮಂಡ್ಯದಲ್ಲಿ, ಸಣ್ಣ ಪ್ರಮಾಣದಲ್ಲಿ ಈ ಕೆಲಸ ಮಾಡುವ ಆಚಾರಿಗಳು, ಅವರ ಮನೆಯ ಹುಡುಗರು ಮೇಲಿಂದ ಮೇಲೆ ಕೇಳುವ ತೊಂದರೆಗಳನ್ನೇ ಇಲ್ಲಿ ತೆಗೆದುಕೊಂಡಿದ್ದೇನೆ. ಆಸಿಡ್ ಕೆಲಸ ಗೊತ್ತಿದ್ದು, ಹೊಗೆ ಹೊರಗೆಳೆಯುವ ವ್ಯವಸ್ಥೆ ಇರುವವರಿಗೆ ಮಾತ್ರ ಇದು. ಮನೆಯಲ್ಲಿ ಕೂತು ಕಲಿಯುವ ಕೆಲಸ ಅಲ್ಲ.

ಮೊದಲು ಒಂದು ತೊಟ್ಟು ಪರೀಕ್ಷೆ

ದ್ರಾವಣದಲ್ಲಿ ಚಿನ್ನ ಇದೆಯೋ ಇಲ್ಲವೋ ಅಂತ ಹೇಳುವುದು ಸ್ಟ್ಯಾನಸ್ ಕ್ಲೋರೈಡ್. ತವರದ ಚೂರನ್ನು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕರಗಿಸಿದರೂ ಸಿಗುತ್ತದೆ, ಅಂಗಡಿಯಿಂದ ಹರಳು ತಂದು ಆಸಿಡ್ ಬೆರೆಸಿದ ನೀರಿನಲ್ಲಿ ಕರಗಿಸಿದರೂ ಆದೀತು. ಬಿಳಿ ಫಿಲ್ಟರ್ ಕಾಗದದ ಮೇಲೆ ಅನುಮಾನದ ದ್ರಾವಣ ಒಂದು ತೊಟ್ಟು, ಅದರ ಅಂಚಿಗೆ ತಾಗುವಂತೆ ಸ್ಟ್ಯಾನಸ್ ಒಂದು ತೊಟ್ಟು. ಎರಡೂ ಕೂಡುವ ಜಾಗದಲ್ಲಿ ನೇರಳೆ ಎದ್ದರೆ ಚಿನ್ನ ಇದೆ. ಜಾಸ್ತಿ ಇದ್ದರೆ ಕ್ಷಣದಲ್ಲಿ ಕಪ್ಪಾಗುತ್ತದೆ. ತೀರಾ ಕಡಿಮೆ ಇದ್ದರೆ ತೆಳು ನೇರಳೆ ನಿಧಾನವಾಗಿ ಮೂಡುತ್ತದೆ, ಒಂದೆರಡು ನಿಮಿಷ ಕಾಯಬೇಕು. ಹಳದಿ ಅಥವಾ ಕಿತ್ತಳೆ ಕಡೆಗೆ ತಿರುಗಿದರೆ ಪ್ಲಾಟಿನಂ ಇರಬಹುದು. ಕಂದು, ಆಮೇಲೆ ಹಸಿರು ಕಡೆಗೆ ಹೋದರೆ ಪಲ್ಲಾಡಿಯಂ ಇರಬಹುದು.

ಇಲ್ಲಿ ಎರಡು ಮೋಸಗಳಿವೆ. ಒಂದು, ಸ್ಟ್ಯಾನಸ್ ದ್ರಾವಣ ಗಾಳಿ ತಗುಲಿ ಬೇಗ ಕೆಡುತ್ತದೆ. ಕೆಟ್ಟದ್ದನ್ನು ಹಾಕಿದರೆ ಬಣ್ಣವೇ ಬರುವುದಿಲ್ಲ, ಚಿನ್ನ ಇಲ್ಲ ಅಂದುಕೊಂಡು ಚೆಲ್ಲುತ್ತೀರಿ. ಅದಕ್ಕೇ ಬಾಟಲಿಯೊಳಗೆ ಒಂದು ತವರದ ಚೂರು ಬಿಟ್ಟಿರಬೇಕು. ಜೊತೆಗೆ ಚಿನ್ನ ಇದೆ ಅಂತ ಖಾತ್ರಿ ಇರುವ ದ್ರಾವಣ ಸ್ವಲ್ಪವನ್ನು ಪುಟ್ಟ ಬಾಟಲಿಯಲ್ಲಿ ಇಟ್ಟುಕೊಂಡು, ಪ್ರತಿ ಸಲವೂ ಮೊದಲು ಅದರ ಮೇಲೆ ಸ್ಟ್ಯಾನಸ್ ಪರೀಕ್ಷಿಸಿ. ಇನ್ನೊಂದು, ನೇರಳೆ ಎದ್ದು ನೋಡುತ್ತಿದ್ದ ಹಾಗೇ ಮಾಯವಾಗುವುದು. ಅದು ಚಿನ್ನ ಇಲ್ಲ ಅನ್ನುವುದಕ್ಕೆ ಗುರುತಲ್ಲ. ನೈಟ್ರಿಕ್ ಆಸಿಡ್ ಇನ್ನೂ ಬೇಕಾದಷ್ಟು ಉಳಿದಿದೆ ಅಂತ ಅರ್ಥ.

ನೇರಳೆ ಬರುತ್ತದೆ, ಆದರೆ ಪುಡಿ ಬೀಳುತ್ತಿಲ್ಲ

ಹೆಚ್ಚಿನ ಕೇಸುಗಳು ಇವೇ. ಕಾರಣವೂ ಹೆಚ್ಚಾಗಿ ಒಂದೇ: ಉಳಿದುಹೋದ ನೈಟ್ರಿಕ್. ಅಕ್ವಾ ರೀಜಿಯಾ, ಅಂದರೆ ಹೈಡ್ರೋಕ್ಲೋರಿಕ್ ಮತ್ತು ನೈಟ್ರಿಕ್ ಆಸಿಡ್ ಸೇರಿದ ಮಿಶ್ರಣ, ಚಿನ್ನದಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಕರಗಿಸುತ್ತದೆ. ನೀವು ಹಾಕುವ ಪುಡಿ ಆ ಎಲೆಕ್ಟ್ರಾನ್ ವಾಪಸ್ ಕೊಡುತ್ತದೆ. ಬೀಕರ್‌ನಲ್ಲಿ ನೈಟ್ರಿಕ್ ಉಳಿದಿದ್ದರೆ ಕೊಟ್ಟದ್ದನ್ನು ಮತ್ತೆ ಕಿತ್ತುಕೊಳ್ಳುತ್ತದೆ. ಪುಡಿ ಖರ್ಚಾಗುತ್ತಾ ಹೋಗುತ್ತದೆ, ಚಿನ್ನ ಇದ್ದಲ್ಲೇ ಇರುತ್ತದೆ.

ಗುರುತು ಹಿಡಿಯುವುದು ಸುಲಭ. ಎಸ್‌ಎಂಬಿ, ಅಂದರೆ ಸೋಡಿಯಂ ಮೆಟಾಬೈಸಲ್ಫೈಟ್, ಒಂದು ಚಿಟಿಕೆ ಬಿದ್ದ ಜಾಗದಲ್ಲಿ ಕೆಂಗಂದು ಹೊಗೆ ಏಳುತ್ತದೆ. ದ್ರಾವಣ ಒಂದು ಗಳಿಗೆ ಕಪ್ಪಾಗಿ, ಕಲಕಿದ ಕೂಡಲೇ ಮತ್ತೆ ಹಳದಿಗೆ ತಿರುಗುತ್ತದೆ. ಇಷ್ಟು ಕಂಡರೆ ಅಲ್ಲೇ ನಿಲ್ಲಿಸಿ.

ಸರಿಪಡಿಸಲು ನನಗೆ ಮೆಚ್ಚಿನ ದಾರಿ ಸಲ್ಫಾಮಿಕ್ ಆಸಿಡ್. ಬಿಳಿ ಹರಳು, ಕೆಮಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ದ್ರಾವಣವನ್ನು ಚೆನ್ನಾಗಿ ಬಿಸಿ ಮಾಡಿ, ಕುದಿಸದೆ, ಚಿಟಿಕೆ ಚಿಟಿಕೆಯಾಗಿ ಹಾಕಬೇಕು. ನೈಟ್ರಿಕ್ ಇರುವ ತನಕ ನೊರೆಯೇಳುತ್ತದೆ. ನೊರೆ ನಿಂತರೆ ಕೆಲಸ ಮುಗಿಯಿತು. ತಣ್ಣಗಿನ ದ್ರಾವಣಕ್ಕೆ ಹಾಕಿದರೆ ಏನೂ ಆಗಲಿಲ್ಲ ಅನ್ನಿಸುತ್ತದೆ, ಆಮೇಲೆ ಬಿಸಿ ಮಾಡಿದಾಗ ಎಲ್ಲ ಒಟ್ಟಿಗೆ ಉಕ್ಕುತ್ತದೆ. ಬೀಕರ್ ಅರ್ಧಕ್ಕಿಂತ ಜಾಸ್ತಿ ತುಂಬಿರಬಾರದು. ಇದರಿಂದ ಒಂದು ಲಾಭವೂ ಇದೆ: ಜೊತೆಯಲ್ಲೇ ಸ್ವಲ್ಪ ಸಲ್ಫ್ಯೂರಿಕ್ ಆಸಿಡ್ ಹುಟ್ಟುತ್ತದೆ, ಅದು ದ್ರಾವಣದಲ್ಲಿನ ಸೀಸವನ್ನು ಬಿಳಿ ಮಡ್ಡಿಯಾಗಿ ತಳಕ್ಕೆ ತಳ್ಳುತ್ತದೆ. ಅದನ್ನು ಸೋಸಿಕೊಂಡೇ ಮುಂದಕ್ಕೆ ಹೋಗಿ.

ಹಳೇ ದಾರಿ ಅಂದರೆ ಇಂಗಿಸುವುದು. ಮರಳಿನ ತಟ್ಟೆಯ ಮೇಲೆ ಸಣ್ಣ ಉರಿಯಲ್ಲಿ ಇಟ್ಟು, ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಪಾಕದ ಹದಕ್ಕೆ ಬರುವಂತೆ ದಪ್ಪಗಾಗಲು ಬಿಡಬೇಕು. ಆಮೇಲೆ ಸ್ವಲ್ಪ ಹೈಡ್ರೋಕ್ಲೋರಿಕ್ ಹಾಕಿ ಮತ್ತೆ ಇಂಗಿಸಬೇಕು. ಹೀಗೆ ಎರಡು ಮೂರು ಸಲ. ಕುದಿಸಿದರೆ ಹನಿ ಸಿಡಿಯುತ್ತದೆ, ಸಿಡಿದ ಹನಿಯ ಜೊತೆ ಚಿನ್ನವೂ ಹೋಗುತ್ತದೆ. ಪೂರ್ತಿ ಒಣಗಲು ಬಿಟ್ಟರೆ ಒಂದಷ್ಟು ಚಿನ್ನ ಅಲ್ಲೇ ಲೋಹವಾಗಿ ತಳಕ್ಕೆ ಅಂಟಿ ಕೂರುತ್ತದೆ. ತಾಳ್ಮೆ ಇರುವವರಿಗೆ ಒಳ್ಳೆಯ ದಾರಿ, ಆದರೆ ಹೊಗೆ ಜಾಸ್ತಿ.

ಇನ್ನೊಂದು ಉಪಾಯ, ತೂಕ ಬರೆದಿಟ್ಟ ಒಂದು ಸಣ್ಣ ಅಪರಂಜಿ ಚೂರನ್ನು ಬಿಸಿ ದ್ರಾವಣಕ್ಕೆ ಬಿಡುವುದು. ಉಳಿದ ನೈಟ್ರಿಕ್ ಅದನ್ನು ತಿನ್ನುತ್ತಾ ತೀರಿಹೋಗುತ್ತದೆ. ಚೂರು ಕರಗುವುದು ನಿಂತು ಹಾಗೇ ಉಳಿದರೆ ನೈಟ್ರಿಕ್ ಖಾಲಿ ಅಂತ ಲೆಕ್ಕ. ಕರಗಿದ ಚಿನ್ನ ಕೊನೆಯಲ್ಲಿ ವಾಪಸ್ ಬರುತ್ತದೆ, ನಷ್ಟ ಏನಿಲ್ಲ.

ಇಲ್ಲಿ ಯೂರಿಯಾ ಮಾತು ಬಂದೇ ಬರುತ್ತದೆ. "ಯೂರಿಯಾ ಹಾಕಿದೀನಲ್ಲ ಸಾರ್, ಬುರುಬುರು ಅಂತ ನೊರೇನೂ ಬಂತು, ಆದ್ರೂ ಬೀಳ್ತಾ ಇಲ್ಲ" ಅಂತ ಒಬ್ಬರಲ್ಲ ಒಬ್ಬರು ಹೇಳುತ್ತಲೇ ಇರುತ್ತಾರೆ. ಆಚಾರ್ರೇ, ಯೂರಿಯಾ ತೆಗೆಯುವುದು ನೈಟ್ರಸ್ ಆಸಿಡ್ ಮತ್ತು ಕರಗಿರುವ ಕಂದು ಗಾಳಿಯನ್ನು. ನೈಟ್ರಿಕ್ ಬಹುತೇಕ ಹಾಗೇ ಉಳಿಯುತ್ತದೆ. ನೊರೆ ನೋಡಿ ಮೋಸ ಹೋಗಬೇಡಿ. ಮತ್ತೆ, ಗೊಬ್ಬರದ ಅಂಗಡಿಯ ಯೂರಿಯಾಗೆ ಬೇವಿನೆಣ್ಣೆ ಲೇಪ ಇರುತ್ತದೆ. ಗದ್ದೆಗೆ ಅದು ಒಳ್ಳೆಯದೇ, ಬೀಕರ್‌ಗೆ ಆ ಜಿಡ್ಡು ಬೇಡವೇ ಬೇಡ.

ಮುಂದಿನ ಸಲಕ್ಕೆ ಒಂದು ಮಾತು. ಒಂದು ಗ್ರಾಂ ಚಿನ್ನಕ್ಕೆ ಸುಮಾರು 4 ಮಿಲಿ ಹೈಡ್ರೋಕ್ಲೋರಿಕ್, 1 ಮಿಲಿ ನೈಟ್ರಿಕ್ ಸಾಕು. ಅದನ್ನೂ ಒಟ್ಟಿಗೆ ಸುರಿಯಬಾರದು. ಹೈಡ್ರೋಕ್ಲೋರಿಕ್ ಬಿಸಿ ಮಾಡಿಕೊಂಡು, ನೈಟ್ರಿಕ್ ಸ್ವಲ್ಪ ಸ್ವಲ್ಪವೇ ಬಿಟ್ಟು, ಕರಗುವುದು ನಿಂತ ಮೇಲೆ ಮಾತ್ರ ಮತ್ತೊಂದಿಷ್ಟು. ಹೀಗೆ ಮಾಡಿದವರಿಗೆ ಮೇಲಿನ ತಾಪತ್ರಯಗಳಲ್ಲಿ ಹೆಚ್ಚಿನವು ಬರುವುದೇ ಇಲ್ಲ.

ನೈಟ್ರಿಕ್ ಇಲ್ಲ, ಆದರೂ ಬೀಳುತ್ತಿಲ್ಲ

ಹಾಗಾದರೆ ಪುಡಿಯ ಮೇಲೆ ಕಣ್ಣಿಡಿ. ಎಸ್‌ಎಂಬಿ ಡಬ್ಬ ತೆರೆದಿಟ್ಟರೆ ತೇವ ಹಿಡಿದು ಗಂಟು ಕಟ್ಟುತ್ತದೆ, ನಿಧಾನವಾಗಿ ಸತ್ವ ಕಳೆದುಕೊಳ್ಳುತ್ತದೆ. ಒಂದು ಚಿಟಿಕೆಯನ್ನು ನೀರು ಬೆರೆಸಿದ ಹೈಡ್ರೋಕ್ಲೋರಿಕ್‌ಗೆ ಹಾಕಿ, ಕೈಯಿಂದ ಗಾಳಿ ಬೀಸಿಕೊಂಡು ದೂರದಿಂದಲೇ ವಾಸನೆ ನೋಡಿ. ಬೆಂಕಿಕಡ್ಡಿ ಗೀರಿದಾಗ ಮೂಗಿಗೆ ಹೊಡೆಯುವ ಅದೇ ಘಾಟು ಬರಬೇಕು. ಬರದಿದ್ದರೆ ಡಬ್ಬ ಬದಲಾಯಿಸಿ. ಉಬ್ಬಸ ಇರುವವರು ಈ ಪರೀಕ್ಷೆಗೆ ಹತ್ತಿರ ಬರಲೇಬಾರದು.

ಲೆಕ್ಕದ ಪ್ರಕಾರ ಒಂದು ಗ್ರಾಂ ಚಿನ್ನ ಇಳಿಸಲು 0.72 ಗ್ರಾಂ ಎಸ್‌ಎಂಬಿ ಸಾಕು. ಗಾಳಿಗೆ ಹೋಗುವುದನ್ನೂ ಸೇರಿಸಿ ಒಂದರಿಂದ ಒಂದೂವರೆ ಗ್ರಾಂ ಹಾಕುತ್ತಾರೆ. ಅದರ ಮೂರು ನಾಲ್ಕು ಪಟ್ಟು ಸುರಿದರೂ ಇಳಿದಿಲ್ಲ ಅಂದರೆ ತಪ್ಪು ಪ್ರಮಾಣದಲ್ಲಿ ಇಲ್ಲ, ಬೇರೆ ಎಲ್ಲೋ ಇದೆ.

ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಬಳಸುವವರು ಈಗಲೂ ಇದ್ದಾರೆ, ನನಗೂ ಅದರ ಮೇಲೆ ಗೌರವ. ಅದು ಚಿನ್ನವನ್ನು ಇಳಿಸುತ್ತದೆ, ಪ್ಲಾಟಿನಂ, ಪಲ್ಲಾಡಿಯಂ, ತಾಮ್ರದ ತಂಟೆಗೆ ಹೋಗುವುದಿಲ್ಲ. ಆದರೆ ಒಂದು ಗ್ರಾಂ ಚಿನ್ನಕ್ಕೆ 4.2 ಗ್ರಾಂಗಿಂತ ಜಾಸ್ತಿ ಬೇಕು. ಹರಳು ತಿಳಿಹಸಿರು ಇರಬೇಕು. ಮೇಲೆ ಕಂದು ಪುಡಿ ಕಟ್ಟಿದ್ದರೆ ಗಾಳಿಗೆ ಅಷ್ಟು ಭಾಗ ಕೆಟ್ಟಿದೆ ಅಂತ. ಕರಗಿಸುವ ನೀರಿಗೆ ಒಂದೆರಡು ತೊಟ್ಟು ಆಸಿಡ್ ಹಾಕದಿದ್ದರೆ ಬಾಟಲಿಯಲ್ಲೇ ತುಕ್ಕು ಬಣ್ಣಕ್ಕೆ ತಿರುಗುತ್ತದೆ. ಕೊನೆಗೆ ಚಿನ್ನದ ಪುಡಿಯನ್ನು ಹೈಡ್ರೋಕ್ಲೋರಿಕ್ ಬೆರೆಸಿದ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು, ಇಲ್ಲವಾದರೆ ಕಬ್ಬಿಣ ಉಳಿಯುತ್ತದೆ.

ಆಕ್ಸಾಲಿಕ್ ಆಸಿಡ್ ಬಳಸಿದ್ದರೆ ಮೊದಲು ಬಿಸಿ ನೋಡಿ. ತಣ್ಣಗಿದ್ದರೆ ಅದು ಕೆಲಸ ಮಾಡುವುದಿಲ್ಲ, ಕುದಿಯ ಹತ್ತಿರಕ್ಕೆ ತರಬೇಕು. ದ್ರಾವಣದಲ್ಲಿ ತಾಮ್ರ ಇದ್ದರೆ ತಿಳಿನೀಲಿ ಪುಡಿಯೂ ಜೊತೆಗೆ ಬೀಳುತ್ತದೆ. ಒಡವೆಯ ಮೊದಲ ಸುತ್ತಿಗೆ ಇದು ತಕ್ಕದ್ದಲ್ಲ, ಎರಡನೇ ಸುತ್ತಿಗೆ ಇಟ್ಟುಕೊಳ್ಳಿ.

ಪುಡಿ ಬಿದ್ದಿದೆ, ತಳಕ್ಕೆ ಕೂರುತ್ತಿಲ್ಲ

ದ್ರಾವಣ ನೇರಳೆಯಾಗಿಯೋ ಕೆಂಪಾಗಿಯೋ ಕದಡಿದ ಹಾಗೆ ನಿಂತಿದ್ದರೆ ಚಿನ್ನ ಲೋಹ ಆಗಿದೆ, ಆದರೆ ಕಣ ತೀರಾ ಸಣ್ಣದು. ಸೋಸಿದರೆ ಕಾಗದದಲ್ಲಿ ನಿಲ್ಲದೆ ಕೆಳಗೆ ಇಳಿದುಹೋಗುತ್ತದೆ. ಸ್ವಲ್ಪ ಹೈಡ್ರೋಕ್ಲೋರಿಕ್ ಹಾಕಿ, ಬೆಚ್ಚಗೆ ಮಾಡಿ, ಮುಚ್ಚಿ ಒಂದು ರಾತ್ರಿ ಬಿಡಿ. ಕಣ ಕಣ ಸೇರಿ ದಪ್ಪವಾಗಿ ಕೂರುತ್ತದೆ. ತವರ ಸೇರಿದ್ದರೆ ಮಾತ್ರ ಇದು ಹಟ ಮಾಡುತ್ತದೆ. ಮೆದು ಬೆಸುಗೆ ಇರುವ ಸಾಮಾನು, ಕಂಪ್ಯೂಟರ್ ಬೋರ್ಡ್ ಇವುಗಳಿಂದ ತವರ ಬಂದು ಲೋಳೆಯಂಥ ಮಡ್ಡಿ ಕಟ್ಟುತ್ತದೆ, ಫಿಲ್ಟರ್ ಅಲ್ಲೇ ಕಟ್ಟಿಕೊಳ್ಳುತ್ತದೆ. ಅಂಥ ಮಾಲನ್ನು ಒಡವೆಯ ಜೊತೆ ಬೆರೆಸಲೇಬೇಡಿ.

ಬಿಳಿ ಮಡ್ಡಿ ಯಾವುದು?

ಚಿನ್ನದ ಬದಲು ಅಥವಾ ಜೊತೆಗೆ ಬಿಳಿ ಬಿದ್ದರೆ ಮೂರರಲ್ಲಿ ಒಂದು. ಸಿಲ್ವರ್ ಕ್ಲೋರೈಡ್ ಬಿಸಿಲಿಗೆ ಇಟ್ಟರೆ ಬೂದು ನೇರಳೆಗೆ ತಿರುಗುತ್ತದೆ. ಸೀಸದ ಕ್ಲೋರೈಡ್ ಬಿಸಿನೀರಿನಲ್ಲಿ ಕರಗಿ, ತಣ್ಣಗಾದರೆ ಸೂಜಿಯಂಥ ಹರಳಾಗಿ ಮತ್ತೆ ಕೂರುತ್ತದೆ. ಮೂರನೆಯದು ತಾಮ್ರದ್ದು. ತಾಮ್ರ ಜಾಸ್ತಿ ಇರುವ ದ್ರಾವಣಕ್ಕೆ ಎಸ್‌ಎಂಬಿ ಮಿತಿಮೀರಿ ಸುರಿದಾಗ ಬರುತ್ತದೆ. ಗಾಳಿಗೆ ಇಟ್ಟರೆ ಹಸಿರಾಗುತ್ತದೆ, ಹೈಡ್ರೋಕ್ಲೋರಿಕ್‌ನಲ್ಲಿ ತೊಳೆದರೆ ಹೋಗುತ್ತದೆ. ಪುಡಿ ಹಾಕುವುದು ನಿಲ್ಲಿಸಿ ಅಂತ ಮೊದಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಬೆಳ್ಳಿ ಗಟ್ಟಿ ಆಸಿಡ್‌ನಲ್ಲಿ ಒಂದಿಷ್ಟು ಕರಗಿ ನಿಲ್ಲುತ್ತದೆ, ನೀರು ಬೆರೆಸಿದರೆ ಹೊರಬರುತ್ತದೆ. ಹಾಗಾಗಿ ಪುಡಿ ಹಾಕುವ ಮೊದಲೇ ಮೂರು ಪಟ್ಟು ನೀರು ಬೆರೆಸಿ, ತಣ್ಣಗೆ ಮಾಡಿ, ಕೂರಲು ಬಿಟ್ಟು ಸೋಸಿ. ಆತುರದಲ್ಲಿ ಇದನ್ನು ಬಿಟ್ಟವರ ಗಟ್ಟಿಯಲ್ಲಿ ಬೆಳ್ಳಿ ಇದ್ದೇ ಇರುತ್ತದೆ.

ಒಡವೆಯೇ ಪೂರ್ತಿ ಕರಗದೆ ಬಿಳಿ ಸಿಪ್ಪೆ ಕಟ್ಟಿ ನಿಂತರೆ ಅದರಲ್ಲಿ ಬೆಳ್ಳಿ ಜಾಸ್ತಿ ಇದೆ. ಸಿಪ್ಪೆಯ ಒಳಗೆ ಆಸಿಡ್ ಹೋಗುವುದಿಲ್ಲ. ಹಾಗಿದ್ದರೆ ಒಂದು ಪಾಲು ಚಿನ್ನಕ್ಕೆ ಮೂರು ಪಾಲು ಬೆಳ್ಳಿ ಬರುವಂತೆ ಬೆರೆಸಿ ಕರಗಿಸಿ, ನೀರಿಗೆ ಸುರಿದು ಚೂರು ಮಾಡಿ, ಬರೀ ನೈಟ್ರಿಕ್‌ನಲ್ಲಿ ಬೆಳ್ಳಿ, ತಾಮ್ರ ತೆಗೆದುಬಿಡುವುದು ಹಳೆಯ, ಪಕ್ಕಾ ದಾರಿ. ಕೆಡಿಎಂ ಬೆಸುಗೆಯ ಹಳೇ ಒಡವೆಯನ್ನು ಮೂಸೆಗೆ ಹಾಕುವಾಗ ಎಚ್ಚರ. ಅದರಲ್ಲಿ ಕ್ಯಾಡ್ಮಿಯಂ ಇರುತ್ತದೆ, ಅದರ ಹೊಗೆ ವಿಷ.

ಬೆಳ್ಳಿ ಕಡೆಯ ತೊಂದರೆ: ನೀರಿನಿಂದಲೇ ಶುರು

ನೈಟ್ರಿಕ್‌ನಲ್ಲಿ ಬೆಳ್ಳಿ ಕರಗಿ ತಿಳಿಯಾಗಿದೆ. ನೀರು ಬೆರೆಸಿದ ಕೂಡಲೇ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಆಸಿಡ್ ಕಲಬೆರಕೆ ಅಂತ ಅಂಗಡಿಯವರ ಮೇಲೆ ಕೂಗಾಡುವ ಮೊದಲು ನೀರನ್ನು ನೋಡಿ. ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಉಪ್ಪಿನಂಶ ಸಾಕಷ್ಟು. ನಲ್ಲಿಯ ಕಾವೇರಿ ನೀರಿನಲ್ಲೂ ಸ್ವಲ್ಪ ಇದ್ದೇ ಇರುತ್ತದೆ. ಆ ಕ್ಲೋರೈಡ್ ಬೆಳ್ಳಿಯನ್ನು ಹಿಡಿದು ಬಿಳಿ ಮಡ್ಡಿ ಮಾಡುತ್ತದೆ. ಒಂದು ಗಾಜಿನ ಲೋಟದಲ್ಲಿ ಬೋರ್‌ವೆಲ್ ನೀರು, ಇನ್ನೊಂದರಲ್ಲಿ ಡಿಸ್ಟಿಲ್ಡ್ ನೀರು ಇಟ್ಟು, ಎರಡಕ್ಕೂ ಬೆಳ್ಳಿ ದ್ರಾವಣದ ಒಂದೊಂದು ತೊಟ್ಟು ಬಿಡಿ. ಕಪ್ಪು ಬಟ್ಟೆಯ ಮುಂದೆ ಹಿಡಿದು ನೋಡಿದರೆ ಮೊದಲನೆಯದರಲ್ಲಿ ತೊಟ್ಟು ಬಿದ್ದ ಜಾಗದಿಂದ ಬಿಳಿ ಎಳೆ ಕೆಳಗಿಳಿದು ನಿಧಾನವಾಗಿ ಹರಡುತ್ತದೆ. ಎರಡನೆಯದು ತಿಳಿಯಾಗಿಯೇ ಇರುತ್ತದೆ.

ಕೈಗವಸು ಹಾಕದೆ ಈ ಪರೀಕ್ಷೆ ಮಾಡಿದರೆ ಬೆರಳು ಕಪ್ಪಾಗುತ್ತದೆ, ವಾರಗಟ್ಟಲೆ ಹೋಗುವುದಿಲ್ಲ. ಮೈಸೂರು ಪೇಂಟ್ಸ್ ಕಾರ್ಖಾನೆಯವರು 1962ರ ಚುನಾವಣೆಯಿಂದ ಮಾಡಿಕೊಡುತ್ತಿರುವ ಅಳಿಸಲಾಗದ ಶಾಯಿಯ ಒಳಗುಟ್ಟೂ ಇದೇ ಸಿಲ್ವರ್ ನೈಟ್ರೇಟ್. ಚರ್ಮದ ಮೇಲೆ, ಬೆಳಕಿಗೆ, ಅದು ಬೆಳ್ಳಿಯಾಗಿ ಇಳಿದು ಕಪ್ಪಗೆ ಕೂರುತ್ತದೆ. ಬೀಕರ್‌ನಲ್ಲಿ ನಾವು ಮಾಡಿಸುವುದೂ ಅದನ್ನೇ ಅಲ್ವಾ?

ತಾಮ್ರದ ಪಟ್ಟಿ ಇಟ್ಟರೂ ಬೆಳ್ಳಿ ಇಳಿಯದೆ, ತಾಮ್ರ ಮಾತ್ರ ಹೊಗೆಯಾಡುತ್ತಾ ಕರಗುತ್ತಿದ್ದರೆ ಇಲ್ಲೂ ನೈಟ್ರಿಕ್ ಮಿಕ್ಕಿದೆ. ಇನ್ನಷ್ಟು ಬೆಳ್ಳಿ ಹಾಕಿ ಅದನ್ನು ತೀರಿಸಿ, ಇಲ್ಲವೇ ನೀರು ಬೆರೆಸಿ ಕಾಯಿರಿ. 100 ಗ್ರಾಂ ಬೆಳ್ಳಿ ಇಳಿಸಲು 30 ಗ್ರಾಂ ತಾಮ್ರ ಹತ್ತಿರ ಹತ್ತಿರ ಸಾಕು. ಪಟ್ಟಿಯ ಮೇಲೆ ಬೆಳ್ಳಿ ದಪ್ಪಗೆ ಕಟ್ಟಿಕೊಂಡು ಕೆಲಸ ನಿಂತರೆ ಅಲ್ಲಾಡಿಸಿ ಉದುರಿಸಿ. ಮುಗಿಯಿತೇ ಅಂತ ತಿಳಿಯಲು ಮೇಲಿನ ತಿಳಿಯನ್ನು ಸ್ವಲ್ಪ ಬೇರೆ ತೆಗೆದು ಒಂದು ತೊಟ್ಟು ಉಪ್ಪುನೀರು ಹಾಕಿ. ಬೆಳ್ಳಗಾಗದಿದ್ದರೆ ಮುಗಿದಿದೆ. ತೊಳೆದ ನೀರಿನಲ್ಲಿ ನೀಲಿ ಪೂರ್ತಿ ಹೋಗುವ ತನಕ ತೊಳೆಯಬೇಕು.

ಬಿಳಿ ಸಿಲ್ವರ್ ಕ್ಲೋರೈಡನ್ನು ನೇರ ಮೂಸೆಗೆ ಹಾಕುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದು 455 ಡಿಗ್ರಿಗೇ ಕರಗಿ, ಮುಂದೆ ಬಿಳಿ ಹೊಗೆಯಾಗಿ ಹೋಗತೊಡಗುತ್ತದೆ. ಹೋಗುವುದು ನಿಮ್ಮದೇ ಬೆಳ್ಳಿ. ಮೊದಲು ಆಸಿಡ್ ಹೋಗುವ ತನಕ ತೊಳೆದು, ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕಲಕಿ. ಎಲ್ಲವೂ ಕಪ್ಪಾದ ಮೇಲೆ ಗ್ಲೂಕೋಸ್ ಪುಡಿ ಹಾಕಿದರೆ ಬೂದು ಬಣ್ಣದ ಬೆಳ್ಳಿ ಸಿಗುತ್ತದೆ. ಚೆನ್ನಾಗಿ ಬಿಸಿಯೇರುತ್ತದೆ, ಕಣ್ಣಿಗೆ ಕನ್ನಡಕ ಇರಲಿ. ಗಂಟುಗಳ ಒಳಗೆ ಬಿಳಿ ಉಳಿದಿದ್ದರೆ ಕಾಸ್ಟಿಕ್ ಒಳಗೆ ಹೋಗಿಲ್ಲ. ಪುಡಿ ಮಾಡಿ ಮತ್ತೆ ಕಲಕಿ. ಮಂಡ್ಯದವರು ಬೆಲ್ಲ ಆಗುತ್ತದಾ ಅಂತ ಕೇಳುತ್ತಾರೆ. ಬೆಲ್ಲದಲ್ಲಿ ಸುಣ್ಣದಂಶ, ಕಸರು ಇರುತ್ತದೆ, ಗ್ಲೂಕೋಸೇ ಇರಲಿ.

ತೂಕ ಕಡಿಮೆ ಬಂತು

ಮೊದಲು ನಿರೀಕ್ಷೆ ಸರಿ ಇತ್ತಾ ನೋಡಿ. 916 ಗುರುತಿನ 100 ಗ್ರಾಂನಲ್ಲಿ ಇರುವುದು 91.6 ಗ್ರಾಂ ಚಿನ್ನ. ಹಾಲ್‌ಮಾರ್ಕ್ ಇಲ್ಲದ ಹಳೇ ಒಡವೆಗೆ ಒರೆಗಲ್ಲಿನ ಅಂದಾಜೂ ಸ್ವಲ್ಪ ಆಚೆ ಈಚೆ ಆಗುತ್ತದೆ, ಬೆಸುಗೆ ಎಷ್ಟಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಆಮೇಲೆ ಫಿಲ್ಟರ್ ಕಾಗದ, ಬಿಳಿ ಮಡ್ಡಿ, ಕರಗದೆ ಉಳಿದ ಚೂರು, ಮೂಸೆಯ ಗೋಡೆಗೆ ಬಿಳಿಗಾರದ ಜೊತೆ ಅಂಟಿದ ಮಣಿ, ಇವನ್ನು ನೋಡಿ. ಕಾಗದ ಎಸೆಯದೆ ಒಂದು ಡಬ್ಬದಲ್ಲಿ ಕೂಡಿಡಿ, ತುಂಬಿದಾಗ ಸುಟ್ಟು ಬೂದಿ ಶುದ್ಧಿಗೆ ಹಾಕಬಹುದು. ಪುಡಿಯನ್ನು ಪೂರ್ತಿ ಒಣಗಿಸದೆ ಕರಗಿಸಿದರೂ, ಉರಿಯ ಗಾಳಿ ರಭಸವಾಗಿ ಬಿಟ್ಟರೂ ಹಾರಿ ಹೋಗುತ್ತದೆ.

ಮಾಡಲೇಬಾರದ್ದು

ಚಿನ್ನದ ದ್ರಾವಣಕ್ಕೆ ಅಮೋನಿಯಾ ಸೇರಿಸಬೇಡಿ. ಆಗ ಹುಟ್ಟುವ ಮಡ್ಡಿ ಒಣಗಿದ ಮೇಲೆ ಮುಟ್ಟಿದರೂ ಸಿಡಿಯಬಹುದು. ಸಿಲ್ವರ್ ಕ್ಲೋರೈಡನ್ನು ಅಮೋನಿಯಾದಲ್ಲಿ ಕರಗಿಸಿ ಇಟ್ಟರೂ ಅದೇ ಅಪಾಯ. ಕೆಂಗಂದು ಹೊಗೆ ಕುಡಿದವರಿಗೆ ಆಗಲೇ ಏನೂ ಅನ್ನಿಸದೆ, ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಜಾಸ್ತಿ ಎಳೆದುಕೊಂಡಿದ್ದರೆ "ಈಗ ಚೆನ್ನಾಗಿದೀನಿ" ಅಂತ ಮನೆಗೆ ಹೋಗಬೇಡಿ, ಆಸ್ಪತ್ರೆಗೆ ಹೋಗಿ.

ಚಿನ್ನ ಇಳಿದು, ಮೇಲಿನ ತಿಳಿಯಲ್ಲಿ ಸ್ಟ್ಯಾನಸ್ ಬಣ್ಣ ತೋರಿಸದಿದ್ದರೂ ಅದನ್ನು ಚರಂಡಿಗೆ ಬಿಡುವ ಹಾಗಿಲ್ಲ. ಪ್ಲಾಸ್ಟಿಕ್ ಡ್ರಮ್‌ನಲ್ಲಿ ತಾಮ್ರದ ಚೂರು ಹಾಕಿ ಕೆಲವು ದಿನ ಇಡಿ, ಉಳಿದಿದ್ದ ಬೆಲೆಬಾಳುವ ಲೋಹ ಅದರ ಮೇಲೆ ಕೂರುತ್ತದೆ. ಆಮೇಲೆ ಇನ್ನೊಂದು ಡ್ರಮ್‌ನಲ್ಲಿ ಕಬ್ಬಿಣ, ತಾಮ್ರ ಅಲ್ಲಿ ಇಳಿಯುತ್ತದೆ. ಕೊನೆಗೆ ಸುಣ್ಣದ ತಿಳಿ ಬಿಟ್ಟು ಪಿಎಚ್ ಕಾಗದದಲ್ಲಿ ಒಂಬತ್ತರ ಹತ್ತಿರ ಬರುವ ತನಕ ಕಲಕಿ, ಲೋಹಗಳು ಕೆಸರಾಗಿ ಕೂರುತ್ತವೆ. ಆ ಕೆಸರನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇರುವ ಅಪಾಯಕಾರಿ ತ್ಯಾಜ್ಯದವರಿಗೇ ಕೊಡಬೇಕು. ಡ್ರಮ್ ಮೇಲೆ ಏನಿದೆ, ಯಾವತ್ತಿನದು ಅಂತ ಬರೆದಿಡಿ.